ಆಸ್ಪತ್ರೆಯ ಬಾಗಿಲು ಮತ್ತು ರೋಗಿಯ ಬಂಧುಗಳು: ಒಂದು ಐತಿಹಾಸಿಕ ವಿವೇಚನೆ

ಆಸ್ಪತ್ರೆಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಕಟ್ಟಡಗಳನ್ನೂ ಔಷಧಗಳನ್ನೂ ಹೆಸರಾಂತ ವೈದ್ಯರನ್ನೂ ಕುರಿತು ಬರೆದಿದ್ದಾರೆ. ಆಸ್ಪತ್ರೆಯ ಬಾಗಿಲಲ್ಲಿ ಊಟದ ಪಾತ್ರೆಯನ್ನು ಹಿಡಿದು ನಿಂತ ರೋಗಿಯ ತಾಯಿಯನ್ನೋ ಅಣ್ಣನನ್ನೋ ಕುರಿತು ಬರೆದವರು ವಿರಳ. ಆದರೆ ಒಳಗೆ ಯಾರನ್ನು ಬಿಡಬೇಕು, ಎಷ್ಟು ಹೊತ್ತು ಬಿಡಬೇಕು, ಯಾವ ರೋಗದಲ್ಲಿ ಬಿಡಲೇಬಾರದು ಎಂಬ ನಿಯಮಗಳಿಗೂ ಒಂದು ಇತಿಹಾಸವುಂಟು. ಆ ಇತಿಹಾಸದಲ್ಲಿ ವೈದ್ಯಶಾಸ್ತ್ರದ ಮುನ್ನಡೆಯ ಜೊತೆಗೆ, ಸರ್ಕಾರಕ್ಕೂ ಪ್ರಜೆಗಳಿಗೂ ನಡುವೆ ಇದ್ದ ನಂಬಿಕೆ ಅಪನಂಬಿಕೆಗಳ ಕಥೆಯೂ ಸೇರಿಕೊಂಡಿದೆ.

ಪ್ರಕೃತ ಲೇಖನದಲ್ಲಿ ನಾವು ಮುಖ್ಯವಾಗಿ 1896ರಿಂದ 1900ರವರೆಗಿನ ಮುಂಬಯಿ ಮತ್ತು ಮೈಸೂರು ಸಂಸ್ಥಾನದ ಪ್ಲೇಗಿನ ಕಾಲವನ್ನು ಪರಿಶೀಲಿಸಿ, ಅದಕ್ಕೆ ಹಿಂದಿನ ಹಾಗೂ ಮುಂದಿನ ಕೆಲವು ನಿದರ್ಶನಗಳನ್ನು ಹೋಲಿಕೆಗಾಗಿ ತೆಗೆದುಕೊಳ್ಳುತ್ತೇವೆ. ಇವೆಲ್ಲವುಗಳಿಂದ ನಮಗೆ ತೋರುವುದಿಷ್ಟು: ಬಾಗಿಲನ್ನು ಮುಚ್ಚುವುದು ಸುಲಭ, ಆದರೆ ಮುಚ್ಚಿದ ಬಾಗಿಲು ರೋಗವನ್ನು ತಡೆಯಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಮೊದಲನೆಯದು, ರೋಗವು ಯಾವ ದಾರಿಯಿಂದ ಹರಡುತ್ತದೆಂಬ ಸರಿಯಾದ ತಿಳಿವಳಿಕೆ. ಎರಡನೆಯದು, ಬಂಧುಗಳು ಮಾಡುತ್ತಿದ್ದ ಶುಶ್ರೂಷೆಯ ಭಾರವನ್ನು ಆಸ್ಪತ್ರೆಯೇ ವಹಿಸಿಕೊಳ್ಳುವುದು. ಮೂರನೆಯದು, ಒಳಗಿರುವವನ ಸಮಾಚಾರವು ಹೊರಗಿರುವವರಿಗೆ ತಲುಪುವುದು. ಇವುಗಳಲ್ಲಿ ಒಂದು ತಪ್ಪಿದರೂ ನಿಯಮವು ನಿಷ್ಫಲವಾಗುತ್ತದೆ. ಕೆಲವೊಮ್ಮೆ ರೋಗವನ್ನೇ ಹೆಚ್ಚಿಸುತ್ತದೆ.

1

ರೋಗಿಯನ್ನು ನೋಡಿಬರುವುದು ನಮ್ಮ ದೇಶದಲ್ಲಿ ಕೇವಲ ಉಪಚಾರದ ಮಾತಲ್ಲ, ಅದೊಂದು ಕರ್ತವ್ಯ. ನಂಟರಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದು ಕೇಳಿದ ಮೇಲೂ ಹೋಗಿ ಮುಖ ತೋರಿಸದಿದ್ದರೆ ಆ ದೂರು ವರ್ಷಗಟ್ಟಲೆ ಉಳಿಯುತ್ತದೆ. ಗಂಜಿ ಕಾಯಿಸುವುದು, ಮೈ ಒರೆಸುವುದು, ರಾತ್ರಿ ಎಚ್ಚರವಾಗಿ ಕುಳಿತಿರುವುದು ಇವೆಲ್ಲವೂ ಮನೆಯವರ ಕೆಲಸ. ರೋಗಿಯು ಆಸ್ಪತ್ರೆಗೆ ಸೇರಿದ ಮಾತ್ರಕ್ಕೆ ಈ ಕರ್ತವ್ಯವು ಮುಗಿಯಿತೆಂದು ನಮ್ಮ ಜನ ಎಂದೂ ಭಾವಿಸಿಲ್ಲ. ಇಂದಿಗೂ ನಮ್ಮ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಚದ ಮೇಲೆ ರೋಗಿಯಿದ್ದರೆ ಮಂಚದ ಪಕ್ಕದ ಚಾಪೆಯ ಮೇಲೆ ಅವನ ಕಡೆಯವರು ಇರುತ್ತಾರೆ. ಅವರನ್ನು ನೋಡಲು ಬಂದವರೆಂದು ಕರೆಯುವುದು ಸರಿಯಾಗದು. ಅವರು ಸಂಬಳವಿಲ್ಲದ ದಾದಿಯರೇ ಸರಿ.

ಇನ್ನೊಂದು ಕಡೆ, ಗುಂಪಾಗಿ ಬರುವ ಜನ ರೋಗವನ್ನು ತರಬಲ್ಲರು, ಒಯ್ಯಬಲ್ಲರು ಎಂಬುದೂ ನಿಜವೇ. ಆದುದರಿಂದ ಸೋಂಕು ಕಾಣಿಸಿಕೊಂಡಾಗ ಆಡಳಿತದ ದೃಷ್ಟಿ ಮೊದಲು ಬೀಳುವುದು ಹೊರಗಿನಿಂದ ಬಂದವರ ಮೇಲೆ. ಈ ದೃಷ್ಟಿ ಎಷ್ಟರಮಟ್ಟಿಗೆ ಮೋಸಹೋಗಬಲ್ಲುದೆಂಬುದಕ್ಕೆ ವಿಯೆನ್ನಾ ನಗರದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳು ಕೆಲಸ ಕಲಿಯುತ್ತಿದ್ದ ಮೊದಲನೆಯ ವಿಭಾಗದಲ್ಲಿ ಬಾಣಂತಿ ಜ್ವರದಿಂದ ನೂರಕ್ಕೆ ಸುಮಾರು 10 ಮಂದಿ ಸಾಯುತ್ತಿದ್ದರೆ, ಸೂಲಗಿತ್ತಿಯರು ಕಲಿಯುತ್ತಿದ್ದ ಎರಡನೆಯದರಲ್ಲಿ ಸುಮಾರು 4 ಮಂದಿ ಸಾಯುತ್ತಿದ್ದರು. ಇದರ ಕಾರಣವನ್ನು ಹುಡುಕುತ್ತಿದ್ದ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಸಂದೇಹಪಟ್ಟ ಹಲವು ಕಾರಣಗಳಲ್ಲಿ, ಸಾಯುವವರಿಗೆ ಅಂತ್ಯಸಂಸ್ಕಾರ ನೀಡಲು ಗಂಟೆ ಬಾರಿಸುತ್ತ ಬರುತ್ತಿದ್ದ ಪಾದ್ರಿಯೂ ಒಂದು. ಆ ಗಂಟೆಯ ಸದ್ದಿಗೆ ಬಾಣಂತಿಯರು ಹೆದರಿ ರೋಗಕ್ಕೆ ಗುರಿಯಾಗುತ್ತಾರೆಯೋ ಎಂದು ಶಂಕಿಸಿ, ಪಾದ್ರಿಯು ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಏರ್ಪಡಿಸಿದನು. ಸಾವಿನ ಸಂಖ್ಯೆ ಇಳಿಯಲಿಲ್ಲ. ಶವಪರೀಕ್ಷೆಯ ಕೊಠಡಿಯಿಂದ ನೇರವಾಗಿ ಹೆರಿಗೆಯ ವಾರ್ಡಿಗೆ ಬರುತ್ತಿದ್ದ ವೈದ್ಯರ ಮತ್ತು ವಿದ್ಯಾರ್ಥಿಗಳ ಕೈಗಳೇ ರೋಗವನ್ನು ಒಯ್ಯುತ್ತಿವೆಯೆಂದು ಆಮೇಲೆ ಅವನಿಗೆ ಹೊಳೆಯಿತು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಿಂದ ಎಲ್ಲರೂ ಕೈ ತೊಳೆಯಬೇಕೆಂದು ನಿಯಮ ಮಾಡಿದನು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ತಿಂಗಳಲ್ಲಿ ಸುಮಾರು 2ಕ್ಕೆ ಇಳಿಯಿತು. ಹೊರಗಿನಿಂದ ಬಂದ ಅತಿಥಿಯು ನಿರ್ದೋಷಿ, ಸದಾ ಒಳಗಿದ್ದವನ ಕೈಯೇ ದೋಷಿ ಎಂಬ ಈ ಪಾಠವನ್ನು ವೈದ್ಯಲೋಕವು ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು.

2

ಈಗ ಮುಂಬಯಿಗೆ ಬರೋಣ. 1896ರ ಸೆಪ್ಟೆಂಬರ್ ತಿಂಗಳಲ್ಲಿ ಬಂದರಿಗೆ ಸಮೀಪದ ಮಾಂಡವಿ ಎಂಬ ಕೇರಿಯಲ್ಲಿ ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಗೆಡ್ಡೆಯ ಪ್ಲೇಗನ್ನು ಗುರುತಿಸಿದರು. ಎರಡು ವರ್ಷಗಳ ಹಿಂದೆ, ಅಂದರೆ 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿಯು ಈ ರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದಿದ್ದನು; ಆದರೆ ಅದು ಒಬ್ಬನಿಂದ ಇನ್ನೊಬ್ಬನಿಗೆ ಹೇಗೆ ದಾಟುತ್ತದೆಂಬುದು ಇನ್ನೂ ನಿಶ್ಚಯವಾಗಿರಲಿಲ್ಲ. ಕೊಳೆ, ಕತ್ತಲೆ, ಜನಸಂದಣಿ ಮತ್ತು ರೋಗಿಯ ಸ್ಪರ್ಶ ಇವೇ ಕಾರಣವೆಂದು ಅಧಿಕಾರಿಗಳು ಬಗೆದರು. ಆದುದರಿಂದ ರೋಗಿಯನ್ನು ಮನೆಯಿಂದ ಬೇರ್ಪಡಿಸುವುದೇ ಅವರ ಮುಖ್ಯ ಅಸ್ತ್ರವಾಯಿತು. ಅಕ್ಟೋಬರ್ ಮೊದಲ ವಾರದಲ್ಲಿ ನಗರದ ಮುನಿಸಿಪಲ್ ಕಮಿಷನರು ಹೊರಡಿಸಿದ ಪ್ರಕಟಣೆಯ ಮೇರೆಗೆ, ಶಂಕೆಗೊಳಗಾದ ರೋಗಿಯನ್ನು ಒಪ್ಪಿಗೆಯಿಲ್ಲದೆಯೂ ಆಸ್ಪತ್ರೆಗೆ ಸಾಗಿಸುವ ಅಧಿಕಾರ ಸಿಬ್ಬಂದಿಗೆ ದೊರೆಯಿತು.

ಹೀಗೆ ಸಾಗಿಸಿದ ರೋಗಿಗಳು ಸೇರುತ್ತಿದ್ದುದು ಬಹುಮಟ್ಟಿಗೆ ಆರ್ಥರ್ ರಸ್ತೆಯ ಆಸ್ಪತ್ರೆಗೆ. ಇಂದು ಕಸ್ತೂರ್ಬಾ ಆಸ್ಪತ್ರೆಯೆಂದು ಪ್ರಸಿದ್ಧವಾಗಿರುವುದು ಅದೇ. ಅಲ್ಲಿಗೆ ಬಂದವರಲ್ಲಿ ಬಹುಮಂದಿ ರೋಗವು ಬಲಿತ ಮೇಲೆ ಬಂದವರು. ಸಾಯುವವರ ಸಂಖ್ಯೆ ಸಹಜವಾಗಿಯೇ ಹೆಚ್ಚಾಗಿತ್ತು. ಮನೆಯವರಿಗೆ ಕಂಡದ್ದು ಇಷ್ಟೆ: ಬದುಕಿದ್ದವನನ್ನು ಒಯ್ದರು, ಕೆಲವು ದಿನಗಳಲ್ಲಿ ಅವನು ಸತ್ತನೆಂದು ಹೇಳಿದರು. ನಡುವೆ ಏನಾಯಿತೆಂದು ತಿಳಿಸುವವರು ಯಾರೂ ಇರಲಿಲ್ಲ. ಇಂತಹ ಮೌನದಲ್ಲಿ ವದಂತಿಯು ಹುಟ್ಟದಿರುವುದು ಹೇಗೆ? ಆಸ್ಪತ್ರೆಯಲ್ಲಿ ವಿಷವಿಕ್ಕಿ ಕೊಲ್ಲುತ್ತಾರೆ, ದೇಹದಿಂದ ಎಣ್ಣೆ ತೆಗೆಯುತ್ತಾರೆ ಎಂಬ ಮಾತು ನಗರದಲ್ಲೆಲ್ಲ ಹಬ್ಬಿತು. 1896ರ ಅಕ್ಟೋಬರ್ 29ರಂದು ಸುಮಾರು ಒಂದು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ನುಗ್ಗಿದರು. ಅದಾದ ಕೂಡಲೆ ಕಮಿಷನರು ತಮ್ಮ ಆಜ್ಞೆಯನ್ನು ಸಡಿಲಿಸಬೇಕಾಯಿತು.

ಈ ದೊಂಬಿಯನ್ನು ಅಜ್ಞಾನದ ಫಲವೆಂದು ತಳ್ಳಿಹಾಕುವುದು ಸುಲಭ. ಆದರೆ ವದಂತಿಯು ಸುಳ್ಳಾಗಿದ್ದರೂ ಅದನ್ನು ಹುಟ್ಟಿಸಿದ ಸಂಕಟವು ಸುಳ್ಳಾಗಿರಲಿಲ್ಲವೆಂಬುದನ್ನು ಇತಿಹಾಸಕಾರನು ಮರೆಯಲಾಗದು. ಜಾತಿಯ ಕಟ್ಟಳೆಯನ್ನು ಪಾಲಿಸುವವನಿಗೆ ಅಲ್ಲಿ ನೀರು ಕೊಡುವವರು ಯಾರು, ಗೋಷೆಯ ಹೆಂಗಸನ್ನು ಮುಟ್ಟಿ ನೋಡುವವರು ಯಾರು, ಸತ್ತರೆ ಬಾಯಿಗೆ ನೀರು ಬಿಡುವವರು ಯಾರು ಎಂಬ ಪ್ರಶ್ನೆಗಳಿಗೆ ಪ್ರಕಟಣೆಯಲ್ಲಿ ಉತ್ತರವಿರಲಿಲ್ಲ.

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ಕೆಲವೇ ಕಲಮುಗಳ ಈ ಚಿಕ್ಕ ಶಾಸನವು ಸರ್ಕಾರಕ್ಕೆ ಅತಿ ದೊಡ್ಡ ಅಧಿಕಾರಗಳನ್ನು ಕೊಟ್ಟಿತು. ಮಾರ್ಚ್ ತಿಂಗಳಲ್ಲಿ ಜನರಲ್ ಗ್ಯಾಟೇಕರನ ಅಧ್ಯಕ್ಷತೆಯಲ್ಲಿ ಮುಂಬಯಿಯ ಪ್ಲೇಗು ಸಮಿತಿಯು ರಚಿತವಾಯಿತು. ಮನೆಮನೆಯ ಶೋಧನೆ ಮುಂದುವರಿದರೂ, ಈ ಸಮಿತಿಯು ಒಂದು ವಿಷಯದಲ್ಲಿ ಹಿಂದಿನ ಅನುಭವದಿಂದ ಪಾಠ ಕಲಿತಿತ್ತು. ಬೇರೆ ಬೇರೆ ಜಾತಿ ಮತಗಳವರು ತಮ್ಮ ಖರ್ಚಿನಲ್ಲಿ ತಮ್ಮವೇ ಆದ ಪ್ಲೇಗಿನ ಆಸ್ಪತ್ರೆಗಳನ್ನು ತೆರೆಯಲು ಅದು ಅವಕಾಶವಿತ್ತಿತು. ಅಲ್ಲಿ ಅಡುಗೆ ತಮ್ಮವರದು, ಶುಶ್ರೂಷೆ ತಮ್ಮವರದು. ಸರ್ಕಾರಿ ಆಸ್ಪತ್ರೆಯ ಹೆಸರೆತ್ತಿದರೆ ರೋಗಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದ ಜನ ಇಂತಹ ಆಸ್ಪತ್ರೆಗಳಿಗೆ ಹೋಗಲು ಅಷ್ಟೊಂದು ಅಂಜಲಿಲ್ಲ. ಪುಣೆಯಲ್ಲಿ ಲೋಕಮಾನ್ಯ ತಿಲಕರು ಹಿಂದೂ ಪ್ಲೇಗು ಆಸ್ಪತ್ರೆಯೊಂದನ್ನು ನಡೆಸಲು ನೆರವಾದುದೂ ಇದೇ ಕಾಲದಲ್ಲಿ.

ಆದರೆ ಅದೇ ಪುಣೆಯಲ್ಲಿ ಸೈನಿಕರಿಂದ ಮನೆಗಳನ್ನು ಶೋಧಿಸಿದ ಕ್ರಮವು ಜನರನ್ನು ರೊಚ್ಚಿಗೆಬ್ಬಿಸಿತು. 1897ರ ಜೂನ್ 22ರಂದು, ವಿಕ್ಟೋರಿಯಾ ರಾಣಿಯ ವಜ್ರೋತ್ಸವದ ರಾತ್ರಿ, ಪ್ಲೇಗಿನ ಅಧಿಕಾರಿ ರ‍್ಯಾಂಡನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಹೊಡೆದರು. ಮರುವರ್ಷ ಮಾರ್ಚ್ 9ರಂದು ಮುಂಬಯಿಯ ನೇಕಾರರ ಕೇರಿಯಲ್ಲಿ ಒಬ್ಬ ಹುಡುಗಿಯನ್ನು ಪರೀಕ್ಷಿಸಿ ಸಾಗಿಸಲು ಹೋದಾಗ ಮತ್ತೆ ಗಲಭೆಯೆದ್ದಿತು. ಕ್ರಮೇಣ ಸರ್ಕಾರವು ಬಲಾತ್ಕಾರದ ನೀತಿಯನ್ನು ಕೈಬಿಟ್ಟು, ಜನರ ಒಪ್ಪಿಗೆಯಿಂದ ನಡೆಯುವ ಕ್ರಮಗಳಿಗೆ ತಿರುಗಿತು.

3

ಇನ್ನು ವಿಜ್ಞಾನದ ಕಡೆಗೆ ನೋಡಿದರೆ, ಇಡೀ ಪ್ರಕರಣದ ವೈಚಿತ್ರ್ಯವು ಸ್ಪಷ್ಟವಾಗುತ್ತದೆ. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು, ಪ್ಲೇಗು ಇಲಿಯಿಂದ ಇಲಿಗೆ ದಾಟುವುದು ಅದರ ಮೈಮೇಲಿನ ಚಿಗಟದ ಮೂಲಕವೆಂದು ಪ್ರಯೋಗದಿಂದ ತೋರಿಸಿದನು. ಮೊದಲು ಅದನ್ನು ಬಹುಮಂದಿ ನಂಬಲಿಲ್ಲ. 1905ರಿಂದ ಮುಂದೆ ಮುಂಬಯಿಯಲ್ಲಿ ನಡೆದ ವಿಸ್ತಾರವಾದ ಸಂಶೋಧನೆಗಳು ಅದನ್ನು ಸ್ಥಿರಪಡಿಸಿದವು. ಗೆಡ್ಡೆಯ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಅಂಟುವುದಿಲ್ಲವೆಂಬ ನಿರ್ಣಯವೂ ಆಗ ಹೊರಬಿದ್ದಿತು. ಅಂದಮೇಲೆ, ಆಸ್ಪತ್ರೆಯಲ್ಲಿ ಗೆಡ್ಡೆಯ ರೋಗಿಯ ಪಕ್ಕದಲ್ಲಿ ಕುಳಿತ ತಾಯಿಗಿಂತ, ಇಲಿ ಬಿದ್ದ ಮನೆಯಲ್ಲಿ ಉಳಿದ ಮಕ್ಕಳಿಗೇ ಅಪಾಯ ಹೆಚ್ಚಾಗಿತ್ತು. ಬಂಧುಗಳನ್ನು ದೂರವಿಟ್ಟ ನಿಯಮವು ರೋಗದ ನಿಜವಾದ ದಾರಿಯನ್ನು ಮುಟ್ಟಲೇ ಇಲ್ಲ. ಅದಕ್ಕೆ ಬದಲಾಗಿ, ರೋಗಿಗಳನ್ನು ಬಚ್ಚಿಡುವ ಮತ್ತು ಊರು ಬಿಟ್ಟು ಓಡುವ ಪ್ರವೃತ್ತಿಯನ್ನು ಹೆಚ್ಚಿಸಿ, ರೋಗವೆಲ್ಲಿದೆಯೆಂಬುದನ್ನು ಅಧಿಕಾರಿಗಳು ತಿಳಿಯದಂತೆ ಮಾಡಿತು.

ಆದರೂ ಇದರಿಂದ ಯಾವ ರೋಗದಲ್ಲಿಯೂ ಬಾಗಿಲು ಮುಚ್ಚಬೇಕಿಲ್ಲವೆಂದು ತೀರ್ಮಾನಿಸಬಾರದು. ಇದೇ ಪ್ಲೇಗು ಶ್ವಾಸಕೋಶಕ್ಕೆ ತಗುಲಿದಾಗ ಅದರ ಸ್ವಭಾವವೇ ಬೇರೆ. ಆಗ ಕೆಮ್ಮಿನ ತುಂತುರಿನಿಂದ ಅದು ನೇರವಾಗಿ ಹರಡುತ್ತದೆ. 1910-11ರಲ್ಲಿ ಮಂಚೂರಿಯಾದಲ್ಲಿ ಇಂತಹ ಪ್ಲೇಗಿನಿಂದ ಸುಮಾರು 60,000 ಜನ ಸತ್ತರು. ಅಲ್ಲಿ ನಿಯುಕ್ತನಾಗಿದ್ದ ವೂ ಲಿಯೆನ್-ತೆ ಎಂಬ ವೈದ್ಯನು, ಇದು ಗಾಳಿಯ ಮೂಲಕ ಹಬ್ಬುವ ರೋಗವೆಂದು ತಿಳಿದು ಎಲ್ಲರೂ ಬಟ್ಟೆಯ ಮುಖಗವಸನ್ನು ಕಟ್ಟಿಕೊಳ್ಳಬೇಕೆಂದು ವಿಧಿಸಿದನು. ಅದನ್ನು ಒಪ್ಪದೆ ಬರಿಯ ಮುಖದಲ್ಲಿ ರೋಗಿಗಳನ್ನು ನೋಡಿದ ಮೆನಿ ಎಂಬ ಫ್ರೆಂಚ್ ವೈದ್ಯನು ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಬಲಿಯಾದನು. ಒಂದೇ ಸೂಕ್ಷ್ಮಜೀವಿ, ಎರಡು ದಾರಿಗಳು. ಒಂದರಲ್ಲಿ ನಿಷೇಧವು ವ್ಯರ್ಥ, ಇನ್ನೊಂದರಲ್ಲಿ ಅತ್ಯಗತ್ಯ.

4

ಮೈಸೂರು ಸಂಸ್ಥಾನದಲ್ಲಿ ಪ್ಲೇಗು ಕಾಣಿಸಿಕೊಂಡದ್ದು 1898ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿನಲ್ಲಿ. ರೈಲಿನ ದಾರಿಯನ್ನು ಹಿಡಿದು ಅದು ಉತ್ತರದಿಂದ ಬಂದಿತು. ಆಗ ಶೇಷಾದ್ರಿ ಅಯ್ಯರವರು ದಿವಾನರು; ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ನೇಮಕಗೊಂಡರು. ಇಲ್ಲಿಯೂ ತಪಾಸಣೆ, ಪ್ರತ್ಯೇಕವಾಸ ಮೊದಲಾದ ಕ್ರಮಗಳು ಜಾರಿಗೆ ಬಂದವು. ಇಲ್ಲಿಯೂ ಜನ ಪ್ರತಿಭಟಿಸಿದರು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಗಲಭೆ ನಡೆಯಿತು. ಆದರೆ ನಮ್ಮ ನಾಡಿನ ನೆನಪಿನಲ್ಲಿ ಹೆಚ್ಚಾಗಿ ಉಳಿದಿರುವುದು ಇನ್ನೊಂದು ಕ್ರಮ: ಊರು ಬಿಡುವುದು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಮನೆಮಂದಿಯೆಲ್ಲ ಪಾತ್ರೆ ಪಡಗಗಳೊಡನೆ ಊರಾಚೆಯ ಹೊಲಗಳಿಗೆ ಹೋಗಿ, ತಡಿಕೆಯ ಗುಡಿಸಲುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಬೆಂಗಳೂರಿನ ಕಿಕ್ಕಿರಿದ ಪೇಟೆಗಳ ಹೊರಗೆ ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳು ಬೆಳೆದುದಕ್ಕೂ ಈ ಪ್ಲೇಗೇ ಪ್ರೇರಣೆ.

ಈ ಗುಡಿಸಲು ವಾಸವನ್ನು ಆಸ್ಪತ್ರೆಯ ಪ್ರತ್ಯೇಕತೆಯೊಡನೆ ಹೋಲಿಸಿ ನೋಡಬೇಕು. ಆಸ್ಪತ್ರೆಯು ರೋಗಿಯನ್ನು ಬಂಧುಗಳಿಂದ ಬೇರ್ಪಡಿಸಿತು, ಬಂಧುಗಳನ್ನು ಇಲಿಗಳೊಡನೆ ಬಿಟ್ಟಿತು. ಗುಡಿಸಲು ವಾಸವಾದರೋ ಬಂಧುಗಳನ್ನು ಒಟ್ಟಿಗೆ ಇರಿಸಿ ಇಲಿಗಳಿಂದ ಬೇರ್ಪಡಿಸಿತು. ಚಿಗಟದ ವಿಷಯ ಹಳ್ಳಿಯವರಿಗೆ ತಿಳಿದಿರಲಿಲ್ಲ. ಆದರೂ ಅವರ ಕ್ರಮವು ರೋಗದ ದಾರಿಗೆ ಅಡ್ಡವಾಗಿಯೇ ಇದ್ದಿತು. ಮನೆಯವರನ್ನು ಅಗಲಿಸದ ಕಾರಣ ಅದನ್ನು ಜನ ತಾವಾಗಿಯೇ ಕೈಕೊಂಡರು.

5

ನಿಯಮವು ರೂಢಿಯಾಗಿ ಗಟ್ಟಿಗೊಂಡ ಮೇಲೆ, ಅದರ ಕಾರಣವನ್ನು ಯಾರೂ ಕೇಳದಂತಾಗುವ ಅಪಾಯವೂ ಉಂಟು. ಇದಕ್ಕೆ ಇಂಗ್ಲೆಂಡಿನ ಮಕ್ಕಳ ವಾರ್ಡುಗಳು ನಿದರ್ಶನ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ತಂದೆತಾಯಿಗಳು ತಮ್ಮ ಮಗುವನ್ನು ನೋಡಬಹುದಾಗಿದ್ದುದು ವಾರಕ್ಕೊಮ್ಮೆ. ಅಂಟುರೋಗದ ಆಸ್ಪತ್ರೆಗಳಲ್ಲಿ ಅದೂ ಇಲ್ಲ. ಅಂತಹ ಕಡೆ ರೋಗಿಗೆ ಒಂದು ಸಂಖ್ಯೆಯನ್ನು ಕೊಟ್ಟು, ಊರಿನ ಪತ್ರಿಕೆಯಲ್ಲಿ ಆ ಸಂಖ್ಯೆಯ ಮುಂದೆ ಅವನ ಸ್ಥಿತಿಯನ್ನು ಅಚ್ಚುಹಾಕಿಸುತ್ತಿದ್ದರು. ಅದು ಕಠಿನವಾದ ಕ್ರಮವೇ ಸರಿ. ಆದರೂ ಸುದ್ದಿಯನ್ನು ತಲುಪಿಸಬೇಕೆಂಬ ಹೊಣೆಯನ್ನಾದರೂ ಅದು ಒಪ್ಪಿಕೊಂಡಿತ್ತು. ಮುಂಬಯಿಯಲ್ಲಿ ಕಾಣದಿದ್ದುದು ಇದೇ.

ತಾಯಂದಿರು ಬಂದರೆ ಸೋಂಕು ಬರುತ್ತದೆ, ಮಗು ಅತ್ತು ರಂಪ ಮಾಡುತ್ತದೆ ಎಂಬುದು ಆಸ್ಪತ್ರೆಯವರ ವಾದವಾಗಿತ್ತು. 1920ರ ದಶಕದಲ್ಲಿಯೇ ನ್ಯೂಕಾಸಲ್ ನಗರದಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯನು ತಾಯಂದಿರನ್ನು ಮಕ್ಕಳೊಡನೆ ಇರಿಸಿಕೊಂಡು ಚಿಕಿತ್ಸೆ ನಡೆಸಿದನು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬಾತನು, ಆಸ್ಪತ್ರೆಯಲ್ಲಿ ತಾಯಿಯಿಂದ ಅಗಲಿದ ಎರಡು ವರ್ಷದ ಮಗುವೊಂದು ದಿನೇ ದಿನೇ ಮಂಕಾಗುವುದನ್ನು ಚಲಚ್ಚಿತ್ರದಲ್ಲಿ ಸೆರೆಹಿಡಿದು ತೋರಿಸಿದನು. ಸದ್ದಿಲ್ಲದೆ ಮಲಗಿರುವ ಮಗು ಸಮಾಧಾನವಾಗಿರುವ ಮಗುವಲ್ಲವೆಂಬುದು ಅದರಿಂದ ವೇದ್ಯವಾಯಿತು. 1959ರಲ್ಲಿ ಪ್ಲಾಟ್ ಸಮಿತಿಯು ತಂದೆತಾಯಿಗಳಿಗೆ ಹೊತ್ತಿನ ಕಟ್ಟಿಲ್ಲದೆ ಪ್ರವೇಶವಿರಬೇಕೆಂದು ಶಿಫಾರಸು ಮಾಡಿತು. ಬಾಗಿಲನ್ನು ತೆರೆದ ವಾರ್ಡುಗಳಲ್ಲಿ, ಹೆದರಿದ್ದಂತೆ ಸೋಂಕು ಪ್ರಬಲಿಸಲಿಲ್ಲ.

6

ಇದಕ್ಕೆ ವಿರುದ್ಧವಾದ ಪಾಠವು 2015ರಲ್ಲಿ ದಕ್ಷಿಣ ಕೊರಿಯಾದಿಂದ ಬಂದಿತು. ರೋಗಿಯ ಮನೆಯವರು ಹಾಸಿಗೆಯ ಪಕ್ಕದಲ್ಲಿಯೇ ಇದ್ದು ಶುಶ್ರೂಷೆ ಮಾಡುವುದು, ನಂಟರಿಷ್ಟರು ಗುಂಪಾಗಿ ಬಂದು ನೋಡುವುದು ಅಲ್ಲಿಯೂ ನಮ್ಮಲ್ಲಿರುವಂತೆಯೇ ವಾಡಿಕೆ. ಆ ವರ್ಷ ಮೇ ತಿಂಗಳಲ್ಲಿ ಪಶ್ಚಿಮ ಏಷ್ಯಾದಿಂದ ಹಿಂದಿರುಗಿದ ಒಬ್ಬನಿಂದ ಮೆರ್ಸ್ ಎಂಬ ಶ್ವಾಸಕೋಶದ ರೋಗವು ಹೊಕ್ಕು, ಒಟ್ಟು 186 ಮಂದಿಗೆ ತಗುಲಿ 38 ಮಂದಿ ಸತ್ತರು. ತಗುಲಿದ್ದು ಹೆಚ್ಚಾಗಿ ಆಸ್ಪತ್ರೆಗಳ ಒಳಗೆ. ತಗುಲಿಸಿಕೊಂಡವರಲ್ಲಿ ಸುಮಾರು ಮೂರನೆಯ ಒಂದು ಭಾಗ ಬಂಧುಗಳು ಮತ್ತು ನೋಡಲು ಬಂದವರು. ಸೋಲ್ ನಗರದ ಒಂದು ತುರ್ತುಚಿಕಿತ್ಸೆಯ ವಿಭಾಗದಲ್ಲಿ ಒಬ್ಬನೇ ರೋಗಿಯಿಂದ ಮೂರು ದಿನಗಳಲ್ಲಿ 80ಕ್ಕೂ ಹೆಚ್ಚು ಜನರಿಗೆ ರೋಗ ದಾಟಿತು. ನಮಗೆ ಇನ್ನೂ ಸಮೀಪದ ಕೋಳಿಕ್ಕೋಡಿನಲ್ಲಿ 2018ರಲ್ಲಿ ನಿಪಾ ರೋಗವು ಹರಡಿದ್ದೂ ಬಹುಪಾಲು ಆಸ್ಪತ್ರೆಗಳಲ್ಲಿಯೇ.

ಕೊರಿಯಾದ ಸರ್ಕಾರವು ಆಮೇಲೆ ನೋಡಲು ಬರುವವರ ಮೇಲೆ ಕಟ್ಟುಪಾಡುಗಳನ್ನು ತಂದಿತು. ಅಷ್ಟಕ್ಕೇ ನಿಲ್ಲದೆ, ಮನೆಯವರ ಬದಲು ತರಬೇತಿ ಪಡೆದ ದಾದಿಯರೇ ಪೂರ್ಣ ಶುಶ್ರೂಷೆ ನಡೆಸುವ ವಾರ್ಡುಗಳನ್ನು ಹೆಚ್ಚಿಸತೊಡಗಿತು. ನಾವು ಆರಂಭದಲ್ಲಿ ಹೇಳಿದ ಎರಡನೆಯ ಸಂಗತಿಯು ಇದೇ. ಊಟ ತಿನ್ನಿಸುವವರನ್ನು ಹೊರಗೆ ನಿಲ್ಲಿಸಿದ ಮೇಲೆ ಊಟ ತಿನ್ನಿಸುವವರು ಬೇರೆಯವರು ಇರಲೇಬೇಕು.

2020ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರವು ಕೋವಿಡ್ ರೋಗವನ್ನು ತಡೆಯಲು ನಿಯಮಾವಳಿಯನ್ನು ಹೊರಡಿಸಿತು. ಅದಕ್ಕೆ ಆಧಾರವಾದದ್ದು 1897ರ ಆ ಕಾಯಿದೆಯೇ. ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಅದೇ ಕಾಯಿದೆಗೆ ತಿದ್ದುಪಡಿ ತಂದು, ವೈದ್ಯಸಿಬ್ಬಂದಿಯ ಮೇಲಿನ ಹಲ್ಲೆಗೆ ಕಠಿನವಾದ ಶಿಕ್ಷೆಯನ್ನು ವಿಧಿಸಿತು. ಆರ್ಥರ್ ರಸ್ತೆಯ ಘಟನೆಯನ್ನು ಬಲ್ಲವರಿಗೆ ಇದರಲ್ಲಿ ಒಂದು ಹಳೆಯ ದನಿ ಕೇಳಿಸದಿರದು. ಈ ರೋಗವು ಉಸಿರಿನಿಂದ ಹರಡುವಂಥದು. ವಾರ್ಡಿನ ಬಾಗಿಲನ್ನು ಮುಚ್ಚಿದ್ದಕ್ಕೆ ಗಟ್ಟಿಯಾದ ಕಾರಣವಿತ್ತು. ಆದರೆ ಕೇಂದ್ರದ ಆರೋಗ್ಯ ಸಚಿವಾಲಯವು ಮಾರ್ಚ್ ತಿಂಗಳಲ್ಲೇ ಕೊಟ್ಟ ಸೂಚನೆಗಳಲ್ಲಿ, ಸತ್ತವರ ಮುಖವನ್ನು ಎಚ್ಚರಿಕೆಯೊಡನೆ ಬಂಧುಗಳಿಗೆ ತೋರಿಸಬಹುದೆಂದು ಸ್ಪಷ್ಟವಾಗಿತ್ತು. ಹಾಗಿದ್ದರೂ, ಕಡೆಯ ಬಾರಿ ಮುಖ ಕಾಣದೆ ಹಿಂದಿರುಗಿದ ಕುಟುಂಬಗಳು ಪ್ರತಿ ಜಿಲ್ಲೆಯಲ್ಲಿಯೂ ಇವೆ. ಇಲ್ಲಿ ನಿಯಮಕ್ಕಿಂತ ಭಯವೇ ಕಠಿನವಾಯಿತು.

ಇದಕ್ಕಿಂತಲೂ ಭಯಂಕರವಾದ ಎಬೋಲಾ ರೋಗದಲ್ಲಿ ಬೇರೊಂದು ದಾರಿ ಸಾಧ್ಯವಾಗಿತ್ತೆಂಬುದನ್ನು ಗಮನಿಸಬೇಕು. ಪಶ್ಚಿಮ ಆಫ್ರಿಕದಲ್ಲಿ 2014-15ರಲ್ಲಿ ಚಿಕಿತ್ಸಾ ಕೇಂದ್ರಗಳ ಸುತ್ತ ಗಿಡ್ಡ ಬೇಲಿಗಳನ್ನು ಹಾಕಿ, ನಡುವೆ ಅಂತರವನ್ನಿಟ್ಟು, ರೋಗಿಗಳೂ ಮನೆಯವರೂ ಎದುರುಬದುರಾಗಿ ಮಾತನಾಡಲು ಅವಕಾಶ ಮಾಡಿದರು. 2018ರಲ್ಲಿ ಕಾಂಗೋ ದೇಶದಲ್ಲಿ ಪಾರದರ್ಶಕ ಗೋಡೆಯ ಕೋಣೆಗಳನ್ನು ಬಳಸಿದರು. ರೋಗವು ದಾಟದಷ್ಟು ದೂರ, ಮುಖ ಕಾಣುವಷ್ಟು ಹತ್ತಿರ. ಅಂತಹ ಬೇಲಿಗೆ ದೊಡ್ಡ ಖರ್ಚೇನೂ ತಗುಲದು.

ಮೇಲಿನ ನಿದರ್ಶನಗಳು ಬೇರೆ ಬೇರೆ ಕಾಲದೇಶಗಳವು. ಆದರೂ ಅವುಗಳ ತಾತ್ಪರ್ಯವು ಒಂದೇ ಎಂದು ನಾವು ಭಾವಿಸುತ್ತೇವೆ. ಆಸ್ಪತ್ರೆಯ ಬಾಗಿಲಲ್ಲಿ ತೂಗುಹಾಕಿದ ಪ್ರವೇಶ ನಿಷೇಧದ ಹಲಗೆಯು ಅರ್ಧ ನಿಯಮ ಮಾತ್ರ. ಇದು ಯಾವ ರೋಗ, ಅದು ಹೇಗೆ ಹರಡುತ್ತದೆ, ನಮ್ಮವನಿಗೆ ಊಟ ನೀರು ಕೊಡುವವರು ಯಾರು, ಅವನ ಸ್ಥಿತಿಯನ್ನು ನಮಗೆ ಹೇಳುವವರು ಯಾರು, ಎಷ್ಟು ಹೊತ್ತಿಗೆ ಹೇಳುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರವಿದ್ದಾಗ ಉಳಿದ ಅರ್ಧವು ಪೂರ್ತಿಯಾಗುತ್ತದೆ. 1896ರ ಮುಂಬಯಿಯಲ್ಲಿ ಗಿರಣಿಯ ಕೆಲಸಗಾರರು ಕಲ್ಲು ಹಿಡಿದು ಬಂದುದು ಈ ಉತ್ತರಗಳು ಅವರಿಗೆ ಸಿಕ್ಕದಿದ್ದಾಗ. ಮುಂದಿನ ಸಾಂಕ್ರಾಮಿಕವು ಬಂದಾಗಲೂ ಬಾಗಿಲ ಹೊರಗೆ ನಿಲ್ಲುವವರು ಇವೇ ಪ್ರಶ್ನೆಗಳನ್ನು ಕೇಳುವರು. ಅವುಗಳಿಗೆ ಉತ್ತರವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಂಡಿರುವುದು ಆಸ್ಪತ್ರೆಯ ಕರ್ತವ್ಯ.